ಹೊಗೆ ಹಾಕಿದರೂ ನನ್ನ ಕಾಲಾಳುಗಳು ಸಾಯುತ್ತಿದ್ದಾರೆ, ಎಲ್ಲಿ ತಪ್ಪಾಗುತ್ತಿದೆ?

ಕೆಸರುಬೂಟು
ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದಾಟ ನಮ್ಮದು. ಸತತ ಮೂರನೇ ಆಟ, ಅದೇ ಕಥೆ. ನನ್ನ ಪ್ಲಟೂನ್, ಅಂದರೆ ಮೂರು ಸೆಕ್ಷನ್‌ಗಳ (ಚಿಕ್ಕ ಗುಂಪುಗಳ) ತುಕಡಿ, ಬಯಲು ದಾಟಬೇಕು. ಆಚೆ ತುದಿಯಲ್ಲಿ ಒಂದೇ ಒಂದು ಮಷೀನ್ ಗನ್. ಅದರ ಮುಂದೆಯೇ ಹೊಗೆ ಹಾಕಿಸಿದೆ. ಹೊಗೆ ಅಂತ ಇಟ್ಟದ್ದು ನಾಲ್ಕು ಹತ್ತಿಯುಂಡೆ ಸಾಲಾಗಿ, ಮಧ್ಯೆ ಸಂದಿಯೇ ಇಲ್ಲ. ಆದರೂ ಎದುರಾಳಿ "ಕಾಣಿಸುತ್ತದೆ" ಎಂದು ದಾಳ ಎಸೆಯುತ್ತಾನೆ. ಅರ್ಧ ಬಯಲು ದಾಟುವಷ್ಟರಲ್ಲಿ ಎರಡು ಸೆಕ್ಷನ್ ಹೋಯಿತು. ಅರ್ಧ ದಾಟಿದ್ದ ಮೂರನೇ ಸೆಕ್ಷನ್ ಮೇಲೆ ಮಾತ್ರ ಒಂದು ಗುಂಡೂ ಬೀಳಲಿಲ್ಲ. ನಿಯಮಗಳು ನಮ್ಮ ಗುಂಪೇ ಬರೆದದ್ದು. ಹೊಗೆಯ ನಿಯಮವೇ ಕೆಟ್ಟಿದೆ ಅನಿಸುತ್ತಿದೆ. ಹೇಗೆ ತಿದ್ದುವುದು?

ತಂಗಾಳಿ
ಗಾಳಿ ಯಾವ ಕಡೆಗೆ ಬೀಸುತ್ತಿತ್ತು? ಅದನ್ನು ಹೇಳದೆ ಹೊಗೆಯ ಬಗ್ಗೆ ಮಾತಾಡುವುದೇ ವ್ಯರ್ಥ. 1918ರ ಏಪ್ರಿಲ್‌ನಲ್ಲಿ ಬ್ರಿಟಿಷರು ಜರ್ಮನ್ನರ ಕೈಯಲ್ಲಿದ್ದ ಬೆಲ್ಜಿಯಂನ ಝೀಬ್ರುಗೆ ಬಂದರಿನ ಮೇಲೆ ದಾಳಿ ಮಾಡಿದಾಗ ಏನಾಯಿತು ನೋಡಿ. ಹೊಗೆಯ ಮರೆಯಲ್ಲಿ ಹಡಗುಗಳು ಹತ್ತಿರ ಬಂದವು. ಇನ್ನೇನು ದಡ ಮುಟ್ಟಬೇಕು ಅನ್ನುವಾಗ ಗಾಳಿ ತಿರುಗಿತು. ವಿಂಡಿಕ್ಟಿವ್ ಹಡಗು ಫಿರಂಗಿಗಳ ಕಣ್ಣೆದುರು ಬಯಲಾಗಿ ನಿಂತಿತು. ನಿಮ್ಮ ನಿಯಮದಲ್ಲಿ ಪ್ರತಿ ಟರ್ನ್‌ಗೂ ಗಾಳಿಗೆ ಒಂದು ದಾಳ ಇರಲೇಬೇಕು.

ಕೆಸರುಬೂಟು
ಗಾಳಿ ಇರಲಿಲ್ಲ. ಆಟದ ಶುರುವಿನಲ್ಲೇ ದಾಳ ಹಾಕಿ ನೋಡಿದ್ದೆವು, "ನಿಶ್ಚಲ" ಅಂತ ಬಂತು.

ತಂಗಾಳಿ
ನಿಶ್ಚಲವಾದರೂ ಹೊಗೆ ನಿಂತಲ್ಲೇ ನಿಲ್ಲುವುದಿಲ್ಲ. ಮಧ್ಯಾಹ್ನವಾ, ಬೆಳಗಿನ ಜಾವವಾ? ಬಿಸಿಲಿಗೆ ನೆಲ ಕಾದಿದ್ದರೆ ಹೊಗೆ ನೇರ ಮೇಲಕ್ಕೆ ಹೋಗುತ್ತದೆ. ಬೆಳಗಿನ ಜಾವ ನೆಲ ತಣ್ಣಗಿದ್ದು ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ, ಆಗ ಹೊಗೆ ಮುಚ್ಚಳ ಹಾಕಿದ ಹಾಗೆ ಕೆಳಗೇ ಹರಡುತ್ತದೆ. ಇದನ್ನು ನಿಯಮದಲ್ಲಿ ಸೇರಿಸಿ, ಸಮಸ್ಯೆ ಹೋಗುತ್ತದೆ.

ತೋಪುಖಾನೆ
ಗಾಳಿ ಬಿಡಿ, ಯಾವ ಶೆಲ್ ಅನ್ನೋದು ಮುಖ್ಯ. ಬಿಳಿ ರಂಜಕದ್ದು ತಾನೆ? ಅದು ಉರಿಯುವ ಬಿಸಿಗೆ ಹೊಗೆ ಕಂಬದ ಹಾಗೆ ಏಳುತ್ತದೆ. ಕಂಬ ಕಂಬದ ನಡುವೆ ಸಂದಿ ಬೀಳುತ್ತದೆ, ಅಲ್ಲಿಂದ ಗನ್ನಿಗೆ ಕಾಣಿಸುತ್ತದೆ. ಜೊತೆಗೆ ಬೇಗ ಕರಗಿಯೂ ಹೋಗುತ್ತದೆ. ಅಮೆರಿಕದ 155 ಮಿ.ಮೀ. ಶೆಲ್ ತೆಗೆದುಕೊಳ್ಳಿ. ರಂಜಕದ ಹೊಗೆ ಅರ್ಧ ನಿಮಿಷದಲ್ಲಿ ದಟ್ಟವಾಗುತ್ತದೆ, ಆದರೆ ಒಂದು, ಒಂದೂವರೆ ನಿಮಿಷ ಉರಿದು ಮುಗಿಯುತ್ತದೆ. ಹೆಕ್ಸಾಕ್ಲೋರೋಈಥೇನ್ ಎಂಬ ಹೊಗೆಯ ರಾಸಾಯನಿಕ ತುಂಬಿದ್ದು ದಟ್ಟವಾಗಲು ಒಂದರಿಂದ ಒಂದೂವರೆ ನಿಮಿಷ ಬೇಕು, ಆಮೇಲೆ ನಾಲ್ಕು ನಿಮಿಷ ಉರಿಯುತ್ತದೆ. ನೀವು ಹೊಗೆ ಬಿದ್ದ ಟರ್ನ್‌ನಲ್ಲೇ ಓಡಿಸಿದಿರಾ? ಅದೇ ತಪ್ಪು.

ಕೆಸರುಬೂಟು
ರಂಜಕ ಅಲ್ಲ. ಬ್ರಿಟಿಷ್ 25 ಪೌಂಡರ್ ಫಿರಂಗಿಯದ್ದು. 1944ರ ಆಟ ಅಂತ ಹೇಳಿದ್ದೆ ಅಲ್ವಾ? ಹೇಳಿರಲಿಲ್ಲವೇನೋ, ಕ್ಷಮಿಸಿ. ಒಂದು ಟರ್ನ್ ಪೂರ್ತಿ ಕಾದೆ. ನಮ್ಮಲ್ಲಿ ಒಂದು ಟರ್ನ್ ಅಂದರೆ ಎರಡು ನಿಮಿಷ.

ತೋಪುಖಾನೆ
ಸರಿ, 25 ಪೌಂಡರ್ ಅಂದರೆ ಹಿಂಬದಿಯಿಂದ ಡಬ್ಬಿಗಳನ್ನು ಉದುರಿಸುವ ಶೆಲ್. ಡಬ್ಬಿಗಳು ನೆಲಕ್ಕೆ ಬಿದ್ದು ಉರಿಯುತ್ತವೆ, ಹೊಗೆ ಕೆಳಗೇ ಹರಡುತ್ತದೆ. ಹಾಗಾದರೆ ಕಂಬದ ಮಾತು ಇಲ್ಲಿಗೆ ಹೊಂದುವುದಿಲ್ಲ. ಆದರೂ ಪ್ರತಿ ಟರ್ನ್ ಹೊಸ ಶೆಲ್ ಹಾಕುತ್ತಾ ಇದ್ದಿರಾ?

ರಾತ್ರಿಗಣ್ಣು
ಎದುರಾಳಿಗೆ ಥರ್ಮಲ್ ಕಣ್ಣು, ಅಂದರೆ ಶಾಖವನ್ನು ನೋಡುವ ಸಾಧನ, ಇದ್ದರೆ ಸಾಮಾನ್ಯ ಹೊಗೆ ಹಾಕಿಯೂ ಪ್ರಯೋಜನ ಇಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಟ್ಯಾಂಕುಗಳು ಹೊಗೆ, ಧೂಳಿನ ಆಚೆಗಿದ್ದ ಇರಾಕಿ ಟ್ಯಾಂಕುಗಳನ್ನು ನೋಡಿ ಹೊಡೆದವು. ಈಗಿನ ಟ್ಯಾಂಕುಗಳ ಗ್ರೆನೇಡುಗಳಲ್ಲಿ ಕೆಂಪು ರಂಜಕ ಬಳಸುವುದು ಅದಕ್ಕೇ. ಅದು ಶಾಖದ ಕಿರಣವನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ.

ತೋಪುಖಾನೆ
1944ರ ಮಷೀನ್ ಗನ್ನಿಗೆ ಥರ್ಮಲ್ ಎಲ್ಲಿಂದ ಬಂತು ಸಾರ್? ಮೇಲಿನ ಉತ್ತರಗಳನ್ನು ಓದಿ ಬರೆಯಿರಿ. ಆ ಕಾಲದ್ದೇ ಬೇಕಿದ್ದರೆ ಜರ್ಮನ್ನರ ನೆಬೆಲ್‌ವರ್ಫರ್ ಇದೆ, ಹೆಸರಿನಲ್ಲೇ ಮಂಜು ಎಸೆಯುವುದು ಅಂತ ಇದೆ.

ರಾತ್ರಿಗಣ್ಣು
ಅದು ರಾಕೆಟ್. ಆರು ನಳಿಗೆ. ಸ್ಫೋಟದ ರಾಕೆಟ್ಟಿಗೆ ಹೆಸರುವಾಸಿ, ಹೊಗೆಗಲ್ಲ.

ತೋಪುಖಾನೆ
ನೀವು ಹೇಳುತ್ತಿರುವುದು 41ನೇ ಮಾದರಿ. ಅದಕ್ಕೂ ಮೊದಲು ಅದೇ ಹೆಸರಿನ ಮಾರ್ಟರ್ ಇತ್ತು, 35ನೇ ಮಾದರಿ. 10 ಸೆಂ.ಮೀ., ಹೊಗೆ ಬಾಂಬು ಹಾರಿಸುತ್ತಿತ್ತು. ರಾಕೆಟ್ಟಿನಲ್ಲೂ ಹೊಗೆಯ ಮಾದರಿ ಇತ್ತು. ಸುಮ್ನೆ ಅರ್ಧ ಹೇಳಬೇಡಿ.

ತಂಗಾಳಿ
ಇಬ್ಬರೂ ಗಾಳಿಯನ್ನು ಮರೆತಿದ್ದೀರಿ. 1701ರಲ್ಲಿ ಸ್ವೀಡನ್ನಿನ ರಾಜ 12ನೇ ಚಾರ್ಲ್ಸ್ ಈಗಿನ ಲಾಟ್ವಿಯಾದ ರೀಗಾ ಹತ್ತಿರ ಡೂನಾ ನದಿ ದಾಟಿದ್ದು ಒದ್ದೆ ಹುಲ್ಲು ಸುಟ್ಟ ಹೊಗೆಯ ಮರೆಯಲ್ಲಿ. ಆ ಹೊಗೆಯನ್ನು ಶತ್ರುವಿನ ದಡಕ್ಕೆ ಒಯ್ದದ್ದು ಗಾಳಿ. ಶೆಲ್ಲೂ ಇಲ್ಲ, ರಾಕೆಟ್ಟೂ ಇಲ್ಲ.

ದಾರದುಂಡೆ
ಎಲ್ಲರೂ ಒಂದು ನಿಮಿಷ ನಿಲ್ಲಿ. ಮೊದಲ ಬರಹದಲ್ಲಿ ಒಂದು ಮಾತಿದೆ, ಯಾರೂ ಹಿಡಿದಿಲ್ಲ. ಅರ್ಧ ದಾಟಿದವರ ಮೇಲೆ ಗುಂಡು ಬೀಳಲಿಲ್ಲ. ಗಾಳಿಯಿಂದಲೋ ಹೊಗೆ ಕರಗಿಯೋ ಆಗಿದ್ದರೆ ಗನ್ನಿಗೆ ಹತ್ತಿರ ಬಂದವರೇ ಮೊದಲು ಸಾಯಬೇಕಿತ್ತು. ಇಲ್ಲಿ ದೂರದವರು ಕಾಣುತ್ತಾರೆ, ಹತ್ತಿರದವರು ಕಾಣುವುದಿಲ್ಲ. ಕೆಸರುಬೂಟು ಅವರೇ, ಆ ಮಷೀನ್ ಗನ್ ನೆಲದ ಮೇಲೇ ಇದೆಯಾ?

ಕೆಸರುಬೂಟು
ಇಲ್ಲ, ಗುಡ್ಡದ ಮೇಲೆ. ಮೂರು ಹಂತದ ಗುಡ್ಡ, ನಮ್ಮ ಆಟದಲ್ಲಿ ಎತ್ತರ ಅಳೆಯುವುದು ಹಂತದ ಲೆಕ್ಕದಲ್ಲಿ. ಹೊಗೆಯನ್ನು ಗುಡ್ಡದ ಬುಡದಲ್ಲೇ ಹಾಕಿದೆ, ಗನ್ನಿನಿಂದ 6 ಇಂಚು. ಶತ್ರುವಿನ ಹತ್ತಿರ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ?

ದಾರದುಂಡೆ
ನಿಮ್ಮ ನಿಯಮದಲ್ಲಿ ಹೊಗೆಯ ಎತ್ತರ ಎಷ್ಟು?

ಕೆಸರುಬೂಟು
ಎರಡು ಹಂತ. ಬಯಲು ಗನ್ನಿನಿಂದ ನನ್ನ ಅಂಚಿನವರೆಗೆ 36 ಇಂಚು.

ದಾರದುಂಡೆ
ಸಿಕ್ಕಿತು. ನಿಯಮ ಸರಿಯಾಗಿಯೇ ಇದೆ, ಎದುರಾಳಿಯೂ ಮೋಸ ಮಾಡಿಲ್ಲ. ಗನ್ನಿಂದ ನಿಮ್ಮ ಸೈನಿಕನವರೆಗೆ ಒಂದು ದಾರ ಎಳೆಯಿರಿ. ಗನ್ ಮೂರು ಹಂತದ ಎತ್ತರದಲ್ಲಿದೆ, ಸೈನಿಕ ನೆಲದಲ್ಲಿ, 36 ಇಂಚು ದೂರ. 6 ಇಂಚಿನ ಹತ್ತಿರ ದಾರ ಎರಡೂವರೆ ಹಂತದ ಎತ್ತರದಲ್ಲಿ ಹಾದುಹೋಗುತ್ತದೆ. ಹೊಗೆ ಇರುವುದು ಎರಡೇ ಹಂತ. ಗನ್ನಿನವನು ಹೊಗೆಯ ತಲೆ ಮೇಲಿಂದ ನೋಡುತ್ತಿದ್ದಾನೆ. ಸೈನಿಕ 18 ಇಂಚಿಗೆ ಬಂದಾಗ ದಾರ ಹೊಗೆಯ ತುದಿಗೆ ತಾಗುತ್ತದೆ. ಅಲ್ಲಿಂದ ಒಳಗೆ ಬಂದವನು ಕಾಣುವುದಿಲ್ಲ. ನಿಮ್ಮ ಮೂರನೇ ಸೆಕ್ಷನ್ ಉಳಿದದ್ದು ಅದಕ್ಕೇ.

ಹೊಗೆಯನ್ನು ಗುಡ್ಡದ ಮೇಲೆಯೇ, ಗನ್ನಿನ ಮುಖಕ್ಕೇ ಹಾಕಿಸಿ. ಶತ್ರುವಿನ ಹತ್ತಿರ ಅಂದರೆ ಅವನ ಕಣ್ಣಿನ ಹತ್ತಿರ, ಅವನ ಕಾಲ ಕೆಳಗಲ್ಲ. ನಿಜವಾದ ಯುದ್ಧದಲ್ಲೂ ಎತ್ತರದಲ್ಲಿ ಕುಳಿತ ವೀಕ್ಷಕನ ಮೇಲೆಯೇ ಮೊದಲು ಹೊಗೆ ಹಾಕಬೇಕು. ಕಣಿವೆ ತುಂಬ ಹೊಗೆ ತುಂಬಿಸಿಯೂ ಅವನ ಕಣ್ಣು ತೆರೆದೇ ಇದ್ದರೆ ನಿಮ್ಮವರು ದಾರಿ ತಪ್ಪುತ್ತಾರೆ, ಅವನಿಗೇನೂ ಆಗುವುದಿಲ್ಲ.

ತಂಗಾಳಿ
ಗುಡ್ಡದ ಮೇಲೆ ಗಾಳಿ ಜಾಸ್ತಿ ಇರುತ್ತದೆ. ಹಾಗಾಗಿ ಗಾಳಿಯ ದಾಳ ಬೇಕೇ ಬೇಕು.

ಕೆಸರುಬೂಟು
ಈ ಭಾನುವಾರ ಹಾಗೇ ಆಡಿದೆ. ದಾರ ಇಟ್ಟು ನೋಡಿದೆವು, ಎದುರಾಳಿಯೂ ಒಪ್ಪಿದ. ಗನ್ ಮೇಲೆ ಹೊಗೆ ಬಿದ್ದ ಮೇಲೆ ಮೂರು ಸೆಕ್ಷನ್ನೂ ದಾಟಿದವು, ಇಬ್ಬರು ಮಾತ್ರ ಸತ್ತರು. ಆ ಸೆಕ್ಷನ್ನುಗಳಿಗೆ ಬಣ್ಣ ಹಚ್ಚಲು ನಾಲ್ಕು ತಿಂಗಳು ಹಿಡಿದಿತ್ತು, ಅವು ದಡ ಮುಟ್ಟಿದ್ದು ನೋಡಿ ತುಂಬ ಖುಷಿಯಾಯಿತು. ಒಂದು ಹೊಸ ತೊಂದರೆ ಇದೆ. ನನ್ನ ಶರ್ಮನ್ ಟ್ಯಾಂಕಿಗೂ ಈಗ ಆ ಗನ್ ಕಾಣುವುದಿಲ್ಲ. ಹೊಗೆಯೊಳಗೆ ಕುರುಡಾಗಿ ಹೊಡೆಯಲು ಬಿಡಬೇಕಾ, ಬೇಡವಾ?

ತೋಪುಖಾನೆ
ಬಿಡಬೇಕು. ಹೊಗೆ ಕಣ್ಣನ್ನು ಮುಚ್ಚುತ್ತದೆ, ಗುಂಡನ್ನು ತಡೆಯುವುದಿಲ್ಲ. ಗನ್ ಇರುವ ಜಾಗ ಗೊತ್ತಿದ್ದರೆ ಟ್ಯಾಂಕ್ ಆ ಜಾಗಕ್ಕೇ ಹೊಡೆಯಬಹುದು. ಅದೇ ಲೆಕ್ಕದಲ್ಲಿ ಗನ್ನೂ ಬಯಲಿನ ಕಡೆಗೆ ಸುಮ್ಮನೆ ಗುಂಡು ಸುರಿಸಬಹುದು. ಇಬ್ಬರಿಗೂ ದಾಳದಲ್ಲಿ ಕಷ್ಟದ ಅಂಕ ಇಡಿ.

ಬಣ್ಣದಡಬ್ಬಿ
ಹತ್ತಿಯುಂಡೆ ಯಾಕೆ ಬಳಸುತ್ತೀರಿ? ಮುಳ್ಳಿಗೆಲ್ಲ ಸಿಕ್ಕಿಕೊಳ್ಳುತ್ತದೆ. ನಾನು ದಿಂಬಿನ ಪಾಲಿಯೆಸ್ಟರ್ ಬಿಡಿಸಿ ತಂತಿಗೆ ಸುತ್ತುತ್ತೇನೆ, ಬುಡಕ್ಕೆ ಕಪ್ಪು ಸ್ಪ್ರೇ, ಒಳಗೆ ಮಿಣುಕುವ ಎಲ್‌ಇಡಿ. ಎತ್ತರ ಸರಿಯಾಗಿ ಎರಡು ಹಂತ ಬರುವ ಹಾಗೆ ತಂತಿ ಕತ್ತರಿಸಿದರೆ ದಾರ ಎಳೆಯುವ ಕೆಲಸವೇ ಇಲ್ಲ, ಕಣ್ಣಲ್ಲೇ ಗೊತ್ತಾಗುತ್ತದೆ. ಇಂಥವು ನನ್ನ ಹತ್ತಿರ 22 ಇವೆ.

ರಾತ್ರಿಗಣ್ಣು
ಚೆನ್ನಾಗಿದೆ! ಎಲ್‌ಇಡಿಗೆ ಗುಂಡಿ ಬ್ಯಾಟರಿಯಾ? ಎಷ್ಟು ಹೊತ್ತು ಬರುತ್ತದೆ?