ರಾಮತೀರ್ಥ ನಗರ ನಿವಾಸಿಗಳ ಗುಂಪು: ಬೀದಿಯಲ್ಲೇ ತುಕ್ಕು ಹಿಡಿಯುತ್ತಿರುವ ಗಾಡಿಗಳು

ಮೂಲೆ ಮನೆ: ಉದ್ಯಾನದ ಎದುರಿನ ಬಿಳಿ ಓಮ್ನಿಯ ವಿಷಯ ಮತ್ತೆ ಎತ್ತುತ್ತಿದ್ದೇನೆ. ನಾಲ್ಕೂ ಗಾಲಿಗಳ ಗಾಳಿ ಹೋಗಿದೆ. ತಿರುಗಲು ಜಾಗವಿಲ್ಲದೆ ಕಸದ ಗಾಡಿ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದೆ. ಬೆಳಗಾವಿಯ ಮಳೆ ಹಿಡಿದರೆ ಅದರೊಳಗೆ ನೀರು ನಿಂತು ಸೊಳ್ಳೆಯೂ ಆಗುತ್ತದೆ.

ಕಿರಾಣಿ ಅಂಗಡಿ: ಇದಕ್ಕೆ ಇಷ್ಟೊಂದು ಚರ್ಚೆ ಏಕೆ? ಕ್ರೇನ್ ತರಿಸಿ ಗುಜರಿಗೆ ಹಾಕೋಣ.

ವಕೀಲರು: ಬೇಡ ಕಾಕಾ. ನಾಳೆ ಮಾಲೀಕ ಬಂದು ದೂರು ಕೊಟ್ಟರೆ ಕಳ್ಳರಾಗುವವರು ನಾವು. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಇಂಥದ್ದಕ್ಕೆಂದೇ ಇದೆ. ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋಗಿದ್ದರೆ, ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅದನ್ನು ಎಳೆದೊಯ್ಯಿಸಬಹುದು. ಸಂಚಾರಕ್ಕೆ ಅಪಾಯವಾಗುವಂತೆ ನಿಂತಿದ್ದರೆ ಅಷ್ಟು ಹೊತ್ತೂ ಕಾಯಬೇಕಿಲ್ಲ. ಎಳೆದ ಖರ್ಚು ಮಾಲೀಕನ ತಲೆಗೆ. ಆದರೆ ಕಾಯ್ದೆ ಅಧಿಕಾರ ಕೊಟ್ಟಿದೆ, ಕಡ್ಡಾಯ ಮಾಡಿಲ್ಲ. ಹಾಗಾಗಿ ಫೋನಿನಲ್ಲಿ ಹೇಳಿ ಸುಮ್ಮನಾದರೆ ಏನೂ ನಡೆಯುವುದಿಲ್ಲ. ಫೋಟೊ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮೊದಲ ಮಹಡಿ: ಹಾಗಾದರೆ ನಮ್ಮ ಪಕ್ಕದ ಖಾಲಿ ಪ್ಲಾಟಿನ ಟೆಂಪೊ? ನಂಬರ್ ಪ್ಲೇಟೂ ಇಲ್ಲ.

ವಕೀಲರು: ಅದರ ದಾರಿಯೇ ಬೇರೆ ಅಕ್ಕಾ. ಬೇಲಿ ಹಾಕಿದ ಖಾಸಗಿ ಜಾಗಕ್ಕೆ 127 ಅನ್ವಯಿಸುವುದಿಲ್ಲ. ಪ್ಲಾಟಿನವರೇ ಠಾಣೆಗೆ ಬರೆದುಕೊಡಬೇಕು. ಕಳವಿನ ಮಾಲು ಎಂಬ ಸಂಶಯ ಬಂದರೆ ಮಾತ್ರ ಪೊಲೀಸರು ಯಾರ ಜಾಗದಲ್ಲಿದ್ದರೂ ವಶಪಡಿಸಿಕೊಳ್ಳಬಹುದು. ಪ್ಲೇಟ್ ಇಲ್ಲವೆಂಬುದನ್ನು ದೂರಿನಲ್ಲಿ ಮೊದಲ ಸಾಲಿಗೇ ತನ್ನಿ, ಚಾಸಿ ಸಂಖ್ಯೆ ಕಂಡರೆ ಅದನ್ನೂ ಸೇರಿಸಿ. ವಾರಸುದಾರ ಸಿಗದಿದ್ದರೆ ನ್ಯಾಯಾಲಯದ ಪ್ರಕಟಣೆ, ಆರು ತಿಂಗಳ ಗಡುವು, ಆಮೇಲೆ ವಿಲೇವಾರಿ. ಠಾಣೆಗಳ ಅಂಗಳದಲ್ಲಿ ಬೈಕುಗಳು ಏಕೆ ರಾಶಿ ಬಿದ್ದಿರುತ್ತವೆ ಎಂದು ಈಗ ತಿಳಿಯಿತಲ್ಲ!

ಹಾಲಿನ ಕೇಂದ್ರದ ಹಿಂದಿನ ಮನೆ: ಓಮ್ನಿಯ ನಂಬರ್ ಕೆಎ 29, ಅಂದರೆ ಬಾಗಲಕೋಟೆಯದು. ಹಿಂದೆ ಇಲ್ಲಿ ಬಾಡಿಗೆಗಿದ್ದವರದೇ ಇರಬೇಕು. ಎಂಪರಿವಾಹನ್ ಆ್ಯಪಿನಲ್ಲಿ ಹೆಸರು ಪೂರ್ತಿ ಕಾಣಿಸುವುದಿಲ್ಲ, ಅವರಿದ್ದ ಮನೆಯ ಮಾಲೀಕರನ್ನೇ ಕೇಳುತ್ತೇನೆ.

ವಕೀಲರು: ಸಿಕ್ಕರೆ ಜಗಳ ತೆಗೆಯಬೇಡಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ, ಅಂದರೆ ಗಾಡಿ ಒಪ್ಪಿಸಿದ್ದಕ್ಕೆ ದಾಖಲೆ, ಸಿಗುತ್ತದೆ, ಅದು ಹೊಸ ಗಾಡಿ ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ ಎಂದು ಹೇಳಿ. ಬೈಗುಳಕ್ಕಿಂತ ಬೇಗ ಕೆಲಸವಾಗುತ್ತದೆ.

ಮೂಲೆ ಮನೆ: ಪೊಲೀಸರಿಗೆ ಒಂದು ಅರ್ಜಿ, ಸೊಳ್ಳೆಯ ವಿಷಯಕ್ಕೆ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಇನ್ನೊಂದು. ಇವತ್ತು ರಾತ್ರಿಯೇ ಬರೆಯುತ್ತೇನೆ.

ಕಿರಾಣಿ ಅಂಗಡಿ: ನನ್ನ ಗಲ್ಲಾದ ಮೇಲೆ ಇಡಿ. ಸಾಮಾನಿಗೆ ಬಂದವರು ಸಹಿ ಹಾಕಲಿ. ತಮ್ಮದೇ ಹಳೆಯ ಗಾಡಿಯನ್ನು ಬೀದಿಯಲ್ಲಿ ಬಿಟ್ಟವರು ಈ ಗುಂಪಿನಲ್ಲೂ ಇದ್ದೀರಿ. ಮೊದಲು ಅದನ್ನು ತೆಗೆದು ಆಮೇಲೆ ಪೆನ್ನು ಕೇಳಿ.