ಗುಲಗಂಜಿ ಹುಳ ಬಿಟ್ಟ ಮೇಲೆ ಕಿತ್ತಳೆ ಗಿಡದಲ್ಲಿ ದೊಡ್ಡ ಬಿಳಿ ಹುಳ, ಏನು ಮಾಡಲಿ?

ತೋಟದಮನೆ:
ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ, ನಡುವೆ ಅರವತ್ತು ಕಿತ್ತಳೆ ಗಿಡ. ಈ ಸಲ ಹಿಟ್ಟು ತಿಗಣೆ ವಿಪರೀತ. ಕಾಯಿ ತೊಟ್ಟಿನ ಸುತ್ತ ಹತ್ತಿ ಮೆತ್ತಿದ ಹಾಗೆ ಕೂತಿದೆ, ಕೆಳಗಿನ ಎಲೆಗಳೆಲ್ಲ ಅಂಟು, ಅದರ ಮೇಲೆ ಮಸಿ ಬಳಿದಂತೆ ಬೂಷ್ಟು. ವಿಷ ಬೇಡ ಅಂತ ಗಿಡಕ್ಕೆ ಹತ್ತರಂತೆ, ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ಗುಲಗಂಜಿ ಹುಳ ಬಿಟ್ಟೆ. ಮೂರು ವಾರ ಆಯ್ತು. ಬಿಟ್ಟ ಹುಳ ಒಂದೂ ಕಾಣುತ್ತಿಲ್ಲ, ಬದಲಿಗೆ ಮೊದಲಿಗಿಂತ ದೊಡ್ಡ ಬಿಳಿ ಹುಳಗಳು ಬಂದಿವೆ. ನಾಳೆ ಔಷಧಿ ಹೊಡೆಸಲಾ?

ಹಸಿರೆಲೆ:
ದಯವಿಟ್ಟು ಹೊಡೆಸಬೇಡಿ! ಆ ದೊಡ್ಡ ಬಿಳಿ ಹುಳಗಳೇ ನೀವು ಬಿಟ್ಟ ಗುಲಗಂಜಿಯ ಮರಿಗಳು ಇರಬೇಕು. ಮೈಮೇಲೆ ಉದ್ದುದ್ದ ಮೇಣದ ಎಳೆ ಇರುವುದರಿಂದ ನೋಡೋಕೆ ಥೇಟ್ ಹಿಟ್ಟು ತಿಗಣೆಯೇ. ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ಮರಿಯಾದರೆ ಸರಸರ ಓಡುತ್ತದೆ, ತಿಗಣೆಯಾದರೆ ಕದಲುವುದೇ ಕಷ್ಟ. ಅಳತೆಯಲ್ಲೂ ವ್ಯತ್ಯಾಸ ಇದೆ, ತಿಗಣೆ 3 ಮಿಲಿಮೀಟರ್ ಆಸುಪಾಸು, ಬಲಿತ ಮರಿ ಒಂದು ಸೆಂಟಿಮೀಟರ್ ದಾಟುತ್ತದೆ. ಆಸ್ಟ್ರೇಲಿಯಾದ ಈ ಹುಳವನ್ನು ನಮ್ಮ ದೇಶಕ್ಕೆ ತಂದಿದ್ದು 1898ರಲ್ಲಿ, ಅದೂ ಕಾಫಿಯ ಹಸಿರು ಶಲ್ಕ ಕೀಟಕ್ಕೆ ಅಂತ. ಆದರೆ ಅದು ಹಿಡಿದದ್ದು ಹಿಟ್ಟು ತಿಗಣೆಯನ್ನು. ತಿಗಣೆಯ ಮೊಟ್ಟೆ ಚೀಲದಲ್ಲೇ ತಾನೂ ಮೊಟ್ಟೆ ಇಡುತ್ತದೆ, ಹಾಗಾಗಿ ತಿಗಣೆ ಜಾಸ್ತಿ ಇರುವ ಕಡೆಯೇ ಅದು ನಿಲ್ಲುವುದು.

ಕಿತ್ತಳೆಪ್ರೇಮಿ:
ಇರುವೆ ಇದೆಯಾ ನೋಡಿದ್ರಾ? ಆ ಸಿಹಿ ಅಂಟಿಗಾಗಿ ಇರುವೆಗಳು ತಿಗಣೆಯನ್ನು ಕಾವಲು ಕಾಯುತ್ತವೆ, ಗುಲಗಂಜಿ ಹತ್ತಿರ ಬಂದರೆ ಓಡಿಸುತ್ತವೆ. ಗಿಡಕ್ಕೆ ತಾಗುವ ಕಾಫಿ ಕೊಂಬೆ, ನೆಲ ಮುಟ್ಟುವ ರೆಂಬೆ ಎಲ್ಲ ಮೊದಲು ಕತ್ತರಿಸಿ. ಆಮೇಲೆ ಕಾಂಡಕ್ಕೆ ಅಗಲ ಟೇಪ್ ಸುತ್ತಿ ಅದರ ಮೇಲೆ ಅಂಟು ಬಳಿಯಿರಿ, ತೊಗಟೆಗೇ ನೇರ ಬಳಿಯಬೇಡಿ.

ಮಲೆನಾಡಿಗ:
ಇನ್ನೊಂದು ಮಾತು. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ತಿಗಣೆ ಸಿಕ್ಕರೆ ಉಜ್ಜಿ ಹಾಕಬೇಡಿ. ಲೆಪ್ಟೊಮ್ಯಾಸ್ಟಿಕ್ಸ್ ಅನ್ನುವ ಪುಟ್ಟ ಕಣಜ ಒಳಗೆ ಬೆಳೆಯುತ್ತಿರಬಹುದು. 1983ರಲ್ಲಿ ಟ್ರಿನಿಡಾಡ್‌ನಿಂದ ತಂದದ್ದು, ನಿಂಬೆ ಜಾತಿಯ ಈ ತಿಗಣೆಗೇ ಮೀಸಲು. ತಿಗಣೆ ಕಡಿಮೆ ಇದ್ದಾಗಲೂ ಹುಡುಕಿ ಹೋಗುತ್ತದೆ, ಗುಲಗಂಜಿಗೆ ಅದು ಕಷ್ಟ. ಎರಡೂ ಇದ್ದರೆ ಒಳ್ಳೆಯದು.

ತೋಟದಮನೆ:
ಬೆಳಿಗ್ಗೆಯೇ ಹೋಗಿ ಕಡ್ಡಿಯಿಂದ ಮುಟ್ಟಿದೆ. ಓಡಿತು! ಒಂದಂತೂ ಬಾಯಲ್ಲಿದ್ದ ತಿಗಣೆಯನ್ನು ಬಿಡದೆ ಎಲೆಯ ಅಡಿಗೆ ಸರಿಯಿತು. ಔಷಧಿ ಹೊಡೆಯುವವರಿಗೆ ಬರಬೇಡಿ ಅಂತ ಫೋನ್ ಮಾಡಿದ್ದೇನೆ. ಇರುವೆ ಸಾಲು ನೂರಕ್ಕೆ ನೂರು ಇದೆ, ಕಾಫಿ ಕೊಂಬೆ ಮೇಲಿಂದಲೇ ಬರುತ್ತಿವೆ. ಕತ್ತಿ ಮಸೆದಿದ್ದಾಗಿದೆ, ಮಧ್ಯಾಹ್ನದಿಂದ ಅದೇ ಕೆಲಸ.