ಎಂಡೋಸ್ಕೋಪಿಯಲ್ಲಿ ಕ್ಯಾನ್ಸರ್ ತೆಗೆದಾಯ್ತು, ಮತ್ತೆ ಆಪರೇಷನ್ ಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ:
ಅಪ್ಪನಿಗೆ 71. ಜಠರದಲ್ಲಿ ಆರಂಭದ ಕ್ಯಾನ್ಸರ್ ಅಂತ ಬೆಂಗಳೂರಿನಲ್ಲಿ ಎಂಡೋಸ್ಕೋಪಿಯಲ್ಲೇ ಕೆತ್ತಿ ತೆಗೆದರು. ಇಎಸ್‌ಡಿ ಅಂತಾರೆ. ಈಗ ರಿಪೋರ್ಟ್‌ನಲ್ಲಿ ಅದು ಒಳಪದರ ದಾಟಿ ಕೆಳಗಿಳಿದಿದೆ ಎಂದಿದೆ. ಒಬ್ಬ ಡಾಕ್ಟರು ಆಪರೇಷನ್ ಅಂತಾರೆ, ಇನ್ನೊಬ್ಬರು ಕಾದು ನೋಡೋಣ ಅಂತಾರೆ. ಅಪ್ಪ ಮಾತ್ರ "ಆರಾಮಿದೀನಿ, ಸುಮ್ನೆ ಬಿಡ್ರಿ" ಅಂತಿದ್ದಾರೆ. ಏನು ಮಾಡೋದು?

ಹರಿಹರದಿಂದ ಒಬ್ಬರು:
ತಮ್ಮಾ, ಮೊದಲು ರಿಪೋರ್ಟ್ ಪೂರ್ತಿ ಓದಿಸಿಕೊಳ್ಳಿ. "ಕೆಳಗಿಳಿದಿದೆ" ಅಂದರೆ ಸಾಲದು, ಎಷ್ಟು ಅಂತ ಬೇಕು. 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್, ಅಲ್ಲಿದೆ ಗೆರೆ. ಅದರೊಳಗಿದ್ದು, ಗಡ್ಡೆ 3 ಸೆಂಟಿಮೀಟರ್ ಮೀರದೆ, ಡಿಫರೆನ್ಶಿಯೇಟೆಡ್ (ಕಣಗಳು ಮಾಮೂಲಿ ಕಣದ ಹಾಗೇ ಕಾಣೋ) ಜಾತಿಯದಾಗಿ, ಅಂಚೂ ತಳವೂ ಕ್ಲೀನ್ ಇದ್ದು, ಕ್ಯಾನ್ಸರ್ ರಕ್ತನಾಳಕ್ಕಾಗಲಿ ಲಿಂಫ್ ನಾಳಕ್ಕಾಗಲಿ (ಮೈಯೊಳಗಿನ ತಿಳಿ ದ್ರವ ಹರಿಯೋ ನಾಳ) ಹೊಕ್ಕಿಲ್ಲ ಅಂದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿ ಎಂಡೋಸ್ಕೋಪಿ ಮಾಡಿಸ್ತಾ ಇರ್ತಾರೆ.

ನಮ್ಮಮ್ಮನಿಗೆ ಲಿಂಫ್ ನಾಳಕ್ಕೆ ಹೊಕ್ಕಿತ್ತು. ಸಿಟಿ ಸ್ಕ್ಯಾನ್ ಚೆನ್ನಾಗಿದೆಯಲ್ಲ, ಮತ್ಯಾಕೆ ಆಪರೇಷನ್ ಅಂತ ಕೇಳಿದೆವು. ಲಿಂಫ್ ಗಂಟಿನಲ್ಲಿ ನಾಲ್ಕಾರು ಕಣ ಕೂತಿದ್ದರೆ ಸ್ಕ್ಯಾನ್‌ಗೆ ಕಾಣಲ್ಲ, ಎಂಡೋಸ್ಕೋಪಿಗೆ ಸಿಗಲ್ಲ ಅಂದರು. ಜಪಾನಿನವರು ಇದಕ್ಕೆ ಅಂಕ ಹಾಕ್ತಾರಂತೆ: ಲಿಂಫ್ ನಾಳಕ್ಕೆ 3, ಗಾತ್ರ, ಆಳ, ತಳದ ಅಂಚು, ರಕ್ತನಾಳ ಇವಕ್ಕೆ ಒಂದೊಂದು. 0-1 ಬಂದರೆ ಗಂಟಿಗೆ ಹರಡಿರೋದು 100ರಲ್ಲಿ 2-3 ಜನಕ್ಕೆ. 5 ಅಥವಾ ಅದಕ್ಕಿಂತ ಮೇಲೆ ಬಂದರೆ 20ಕ್ಕೂ ಜಾಸ್ತಿ. ಈ ಲೆಕ್ಕ ಕೇಳಿದ ಮೇಲೆ ಮನೆಯಲ್ಲಿ ಜಗಳ ನಿಂತಿತು. ಆಪರೇಷನ್ ಮಾಡಿಸಿದೆವು. ಕೀಮೋ ಬೇಕಾಗಲಿಲ್ಲ.

ಚಿತ್ರದುರ್ಗದಿಂದ ಇನ್ನೊಬ್ಬರು:
ಎಲ್ಲರಿಗೂ ಅದೇ ದಾರಿ ಅಲ್ಲ ಅಣ್ಣಾ. ನಮ್ಮ ಮಾವನಿಗೆ ಹಾರ್ಟ್ ವೀಕ್, ಅಂಕವೂ ಕಡಿಮೆ. ಆಪರೇಷನ್ ಟೇಬಲ್ ಮೇಲಿನ ಅಪಾಯವೇ ಜಾಸ್ತಿ ಅಂತ ಬಿಟ್ಟೆವು. ಆರಾರು ತಿಂಗಳಿಗೆ ಎಂಡೋಸ್ಕೋಪಿ, ಸಿಟಿ. ತಪ್ಪಿಸೋ ಹಾಗಿಲ್ಲ, ಸುಗ್ಗಿ ಇರಲಿ ಮದುವೆ ಇರಲಿ.

ಯಾವ ದಾರಿ ಹಿಡಿದರೂ ಎಚ್. ಪೈಲೋರಿ ಟೆಸ್ಟ್ ಮಾಡಿಸಿ. ಆ ಬ್ಯಾಕ್ಟೀರಿಯಾ ಹೋದರೆ ಉಳಿದ ಜಠರದಲ್ಲಿ ಹೊಸದು ಹುಟ್ಟೋದು ಕಡಿಮೆ. ಮಾತ್ರೆ ಕೋರ್ಸ್ ಮುಗಿದು ನಾಲ್ಕು ವಾರವಾದರೂ ಆದ ಮೇಲೆ ಮತ್ತೆ ಟೆಸ್ಟ್ ಇರುತ್ತೆ. ಅದಕ್ಕೆ ಎರಡು ವಾರ ಮುಂಚೆ ಗ್ಯಾಸ್ ಮಾತ್ರೆ ನಿಲ್ಲಿಸಬೇಕು, ಡಾಕ್ಟರನ್ನ ಕೇಳಿಯೇ ನಿಲ್ಲಿಸಿ. ಮಲ ಡಾಂಬರಿನ ಹಾಗೆ ಕಪ್ಪಗಾದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಹರಿಹರದವರು ಮತ್ತೆ:
ಹೌದು, ವಯಸ್ಸಿಗಿಂತ ಮೈಯಲ್ಲಿ ಶಕ್ತಿ ಎಷ್ಟಿದೆ ನೋಡ್ತಾರೆ. ಅಮ್ಮನಿಗೆ ಜಠರದ ಮುಕ್ಕಾಲು ಭಾಗ ಹೋಯ್ತು. ದಿನಕ್ಕೆ ಐದಾರು ಸಲ ಚೂರುಚೂರು ಊಟ, ಸಿಹಿ ತಿಂದರೆ ತಲೆಸುತ್ತು. ಮಂಡಕ್ಕಿ ತಿಂತಾರೆ, ಜೊತೆಗೆ ಮಿರ್ಚಿ ಕೊಡಲ್ಲ ಅಂತ ಇವತ್ತಿಗೂ ಸಿಟ್ಟು. ಜಠರ ಪೂರ್ತಿ ತೆಗೆದರೆ ಬಿ12 ಇಂಜೆಕ್ಷನ್ ಜೀವನಪರ್ಯಂತ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಅಕ್ಕಾ, ಈಗ ತೆಗೆದು ನೋಡಿದೆ. ಮೈಕ್ರಾನ್ ಲೆಕ್ಕ ಇಲ್ಲ, ಲಿಂಫ್ ನಾಳದ ಸಾಲೇ ಇಲ್ಲ. ಕೆತ್ತಿ ತೆಗೆದ ತುಂಡಿನ ಬ್ಲಾಕ್, ಸ್ಲೈಡ್ ವಾಪಸ್ ಕೊಡ್ತಾರಾ? ಬೇರೆ ಕಡೆ ಓದಿಸ್ತೀನಿ.

ಹರಿಹರದವರು:
ಕೊಡ್ತಾರೆ, ಬರೆದುಕೊಟ್ಟು ಕೇಳಿ. ಅಪ್ಪನ ಆಧಾರ್ ಜೆರಾಕ್ಸ್ ಒಯ್ಯಿರಿ.